ನೀಲಿಯಾಗದ ಉಪ್ಪು

ಬೆಳಗಾವಿಯ ಒಂದು ಲ್ಯಾಬಿನಲ್ಲಿ ಉಪ್ಪಿನೊಳಗಿನ ಅಯೋಡಿನ್ ಅಳೆಯುವುದು ನನ್ನ ಕೆಲಸ. ಕರಗಿಸಿದ ಉಪ್ಪಿಗೆ ಆಸಿಡ್ಡು, ಒಂದೆರಡು ದ್ರಾವಣ ಹಾಕಿ ಗಂಜಿ ಬಿಟ್ಟರೆ, ಅಯೋಡಿನ್ ಇದ್ದದ್ದು ಕಡುನೀಲಿಯಾಗುತ್ತದೆ. ಕಣಕುಂಬಿ ಕಡೆಯ ಒಂದು ಶಾಲೆಯ ಬಿಸಿಯೂಟದ ಉಪ್ಪು ನೀಲಿಯಾಗಲೇ ಇಲ್ಲ. ಮೂರು ಸಲ ಮಾಡಿದೆ. ಅಲ್ಲಿನ ಮಕ್ಕಳ ಮೂತ್ರದಲ್ಲೂ ಅಯೋಡಿನ್ ತೀರ ಕಡಿಮೆ.

ವರದಿ ಮೇಲಿನ ಕಚೇರಿಗೆ ಹೋಯಿತು. ಉತ್ತರ ಬಂತು: ಉಪ್ಪು ಸರಿಯಿದೆ, ಅಡುಗೆಯವಳು ಡಬ್ಬಿ ತೆರೆದಿಟ್ಟು ಕೆಡಿಸಿದ್ದಾಳೆ, ಅವಳಿಗೆ ನೋಟಿಸ್ ಕೊಡಲಾಗಿದೆ.

ಮೈಯೆಲ್ಲ ಉರಿಯಿತು. ತೆರೆದಿಟ್ಟರೆ ಅಯೋಡಿನ್ ಕಡಿಮೆಯಾದೀತು, ಹೀಗೆ ಹೇಳಹೆಸರಿಲ್ಲದಂತೆ ಹೋಗುವುದಿಲ್ಲ. ನಮ್ಮ ಸಾಹೇಬರಿಗೆ ಹಾಗೇ ಹೇಳಿದೆ.

"ಅಳಿಯೂದಷ್ಟ ನಿಮ್ಮ ಕೆಲಸ. ಯಾಕ ಅಂತ ಕೇಳಬ್ಯಾಡ್ರಿ," ಅಂದರು.

ಮರುದಿನ ರಜೆ ಹಾಕಿ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಆ ಶಾಲೆ ಮುಟ್ಟಿದೆ. ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಆ ಅಡುಗೆಯವಳು ಬಿಗಿ ಮುಚ್ಚಳದ ಡಬ್ಬಿಯನ್ನೇ ತಂದು ನನ್ನ ಮುಂದಿಟ್ಟಳು. ಅವಳಿಗೆ ಓದಲು ಬರುವುದು ಮರಾಠಿ ಮಾತ್ರ. ಕನ್ನಡದ ಆ ನೋಟಿಸನ್ನು ಹೆಡ್‌ಮಾಸ್ತರರು ಎಲ್ಲರೆದುರು ಓದಿ ಹೇಳಿದ್ದರಂತೆ.

"ಒಂದ ದಿನಾ ಸೈತ ಮುಚ್ಚಳಾ ತಗದ ಇಟ್ಟಾಕಿ ಅಲ್ರೀ ನಾ," ಅಂದಳು. ಹೇಳುತ್ತಿದ್ದಂತೆ ಸೆರಗು ಜಾರಿತು. ಕೊರಳು ದಪ್ಪಗೆ ಊದಿತ್ತು, ಅಯೋಡಿನ್ ಸಾಲದೆ ಬರುವ ಗಳಗಂಡ. ಅದೇ ಉಪ್ಪಿನ ಊಟವನ್ನು ಅವಳೂ ವರ್ಷಗಟ್ಟಲೆ ಉಂಡಿದ್ದಳು.

ಹೆಡ್‌ಮಾಸ್ತರರನ್ನು ಕರೆದು, ಸೀಲು ಒಡೆಯದ ಪಾಕೀಟು ತರಿಸಿ ಅವರ ಕೈಯಿಂದಲೇ ಒಡೆಸಿದೆ. ಚಿಟಿಕೆ ಉಪ್ಪಿನ ಮೇಲೆ ನಾನು ತಂದಿದ್ದ ಪರೀಕ್ಷೆಯ ದ್ರಾವಣದ ಹನಿ ಬಿಟ್ಟೆ. ಬೆಳ್ಳಗೇ ಉಳಿಯಿತು. ಅವರ ಮನೆಯ ಉಪ್ಪಿನ ಮೇಲೆ ಬಿಟ್ಟಾಗ ಕ್ಷಣದಲ್ಲಿ ನೀಲಿ.

"ಅಂದ್ರ ಪಾಕೀಟಿನ್ಯಾಗ ಅಯೋಡಿನ್ ಇರಲೇ ಇಲ್ಲೇನು?" ಮಾವಶಿ ಕೇಳಿದಳು.

"ಇರಲೇ ಇಲ್ಲ, ಮಾವಶಿ."

ಹೆಡ್‌ಮಾಸ್ತರರು ಒಳಗಿನಿಂದ ಇನ್ನೂ ಮೂರು ಪಾಕೀಟು ತಂದಿಟ್ಟರು.

ಸೀಲು ಇದ್ದ ಆ ಪಾಕೀಟುಗಳಿಗೆ ಅವರದೂ ಮಾವಶಿಯದೂ ಸಹಿ ಹಾಕಿಸಿ ತಂದೆ. ಲ್ಯಾಬಿನಲ್ಲಿ ಸಾಹೇಬರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡೇ ಪರೀಕ್ಷೆ ಮಾಡಿದೆ. ಹೊಸ ವರದಿಗೆ ಸಹಿ ಹಾಕದೆ ಅವರಿಗೆ ಗತ್ಯಂತರ ಉಳಿಯಲಿಲ್ಲ. ತಿಂಗಳೆರಡು ಕಳೆದ ಮೇಲೆ ಶಾಲೆಗೆ ಬೇರೆ ಉಪ್ಪು ಬಂತು. ಮಾವಶಿಯನ್ನು ಬೆಳಗಾವಿಗೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಈಗ ಔಷಧ ನಡೆದಿದೆ.

ಆದರೆ ಆ ನೋಟಿಸನ್ನು ಯಾರೂ ವಾಪಸು ಪಡೆದಿಲ್ಲ. ಲಿಖಿತವಾಗಿ ರದ್ದು ಮಾಡಿ ಎಂದು ಎರಡು ಅರ್ಜಿ ಬರೆದೆ. "ಉಪ್ಪು ಬದಲ ಆತಲ್ರೀ, ಇನ್ನೇನ ಬೇಕು?" ಅನ್ನುತ್ತಾರೆ ಮೇಲಿನ ಕಚೇರಿಯವರು. ತಪ್ಪು ಅವಳದಲ್ಲ ಎಂಬ ಒಂದು ಸಾಲು ಬೇಕು, ಅದೂ ಮರಾಠಿಯಲ್ಲಿ, ಎಲ್ಲರೆದುರು ಓದಿ ಹೇಳಬೇಕು. ಮೂರನೇ ಅರ್ಜಿ ನಿನ್ನೆ ಕೊಟ್ಟು ಬಂದಿದ್ದೇನೆ.