ಎರಡಿಂಚಿನ ಮೇಸ್ತ್ರಿ, ಡಬ್ಬಿಯಲ್ಲಿ ನಾಲ್ಕು ಬಿಲ್ಲೆ

ಬೆಳಗಿನ ಐದೂಮುಕ್ಕಾಲು. ಡಾಂಬರು ಮುಗಿದು ಮರಳು ಶುರುವಾಗುವ ಕಡೆ ಒಂದು ತಗಡಿನ ಶೆಡ್ಡು. ಒಳಗೆ ಹಳೆಯ ಹಸಿರು ಜೀಪು ನಿಂತಿದೆ. ಅದರ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತವೆ. ಬಲಗಾಲಿನ ಚಪ್ಪಲಿ ಎಷ್ಟು ಸವೆದಿದೆಯೆಂದರೆ ಹಿಮ್ಮಡಿಗೆ ನೆಲವೇ ಗತಿ. "ಹದಿನೇಳರ ಸ್ಪ್ಯಾನರ್ ಕೊಡಿ" ಎಂದು ಕೆಳಗಿಂದ ದನಿ ಬರುತ್ತದೆ. ಪತ್ರಿಕೆಯಿಂದ ಬಂದವರು ಗಡಿಬಿಡಿಯಲ್ಲಿ ಹತ್ತೊಂಬತ್ತರದ್ದು ಕೊಡುತ್ತಾರೆ. ಅದು ಹಾಗೆಯೇ ವಾಪಸು ಬರುತ್ತದೆ. "ಪರವಾಗಿಲ್ಲ, ನನ್ನ ಕೈಗೆ ಪೆನ್ನು ಕೊಟ್ರೆ ನಾನೂ ಹಿಂಗೇ ಮಾಡ್ತೀನಿ."

ಎಲೆಮರೆಯ ಕಾಯಿಗಳನ್ನು ಹುಡುಕುವುದು ಈ ಪುಟದ ಕೆಲಸ. ಈ ಕಾಯಿಗೆ ಮರೆ ಎಂದರೆ ಗ್ರೀಸು ಮೆತ್ತಿದ ಆಕ್ಸಲ್ಲು. ವಯಸ್ಸು ಐವತ್ತೆಂಟು. ಮರಳ ದಿಬ್ಬಗಳ ಮೇಲೆ ಓಡುವ ಗಾಡಿಗಳನ್ನು ಎತ್ತರಿಸಿ ಕೊಡುವ ಕೆಲಸವನ್ನು ಮೂವತ್ತನಾಲ್ಕು ವರ್ಷದಿಂದ ಮಾಡುತ್ತಿದ್ದಾರೆ. ದಿಬ್ಬ ನೋಡಲು ಬರುವ ಜನ ಗಾಡಿಯ ಬಣ್ಣ ಹೊಗಳುತ್ತಾರೆ, ಡ್ರೈವರನ ಧೈರ್ಯ ಹೊಗಳುತ್ತಾರೆ. ಅಂಗಾತ ಮಲಗಿ ಬೋಲ್ಟು ಬಿಗಿದವರು ಯಾರೆಂದು ಇದುವರೆಗೆ ಯಾರೂ ಕೇಳಿಲ್ಲ. ಸುತ್ತಲಿನ ಡ್ರೈವರುಗಳು ಇವರನ್ನು 'ಎರಡಿಂಚು' ಎಂದು ಕರೆಯುತ್ತಾರೆ. ಎರಡು ಇಂಚಿನ ಮೇಲೆ ಒಂದು ಕೂದಲೆಳೆಯಷ್ಟೂ ಎತ್ತರಿಸಲು ಇವರು ಒಪ್ಪುವುದಿಲ್ಲ. ಎದುರಿಗೇ ಹಾಗೆ ಕರೆದರೂ ಬೇಜಾರಿಲ್ಲದೆ 'ಏನಪ್ಪಾ' ಎಂದು ತಿರುಗುತ್ತಾರೆ.

ಏಳು ಗಂಟೆಗೆ ಔಷಧಿ ಅಂಗಡಿಯವರೊಬ್ಬರು ಬರುತ್ತಾರೆ. ಎರಡನೇ ಕೈಯ ಜೀಪು ಕೊಂಡು ಒಂದು ತಿಂಗಳಾಗಿದೆ, ಮರಳಿನಲ್ಲಿ ಮೂರು ಸಲ ಹೂತುಕೊಂಡಿದೆ. ಈಗ ಗಾಡಿ ಎತ್ತರವಾಗಬೇಕು, ಜೇಬಿಗೂ ಹೊರೆಯಾಗಬಾರದು. ಅವರು ಫೋನಿನಲ್ಲಿ ಒಂದು ಚಿತ್ರ ತೋರಿಸುತ್ತಾರೆ.

"ಈ ಸೆಟ್ಟು ನೋಡಿ ಮೇಸ್ತ್ರಿಗಳೇ. ನಾಲ್ಕಿಂಚು ಏಳುತ್ತೆ, ಅರ್ಧ ಬೆಲೆ."

ಮೇಸ್ತ್ರಿ ಫೋನನ್ನು ತೋಳುದ್ದ ದೂರ ಹಿಡಿದು ನೋಡುತ್ತಾರೆ. "ಇದರಲ್ಲಿ ಸ್ಪ್ರಿಂಗ್ ಎಲ್ಲಿದೆ?"

"ಸ್ಪ್ರಿಂಗ್ ಹಳೇದೇ ಇರುತ್ತಂತೆ. ಅದರ ಮೇಲೆ ಈ ಬಿಲ್ಲೆ ಇಟ್ರೆ ಸಾಕಂತೆ."

"ನೀವು ಔಷಧಿ ಮಾರೋರು. ಸಿರಪ್ಪಿಗೆ ನೀರು ಬೆರೆಸಿ ಬಾಟ್ಲಿ ತುಂಬಿದೆ ಅಂದ್ರೆ ಒಪ್ತೀರಾ?"

ಅಂಗಡಿಯವರು ನಗುತ್ತಾರೆ, ಆದರೆ ಫೋನು ಒಳಗೆ ಇಡುವುದಿಲ್ಲ. ಹೂತುಕೊಂಡಾಗ ಟೈರಿನಲ್ಲಿ ಗಾಳಿ ಎಷ್ಟಿತ್ತು ಎಂದು ಮೇಸ್ತ್ರಿ ವಿಚಾರಿಸುತ್ತಾರೆ. "ಮೂವತ್ತೆರಡು. ಕಂಪನಿಯೋರು ಹೇಳಿದಷ್ಟೇ" ಎಂದು ಅಂಗಡಿಯವರು ಹೆಮ್ಮೆಯಿಂದ ಹೇಳುತ್ತಾರೆ. ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ನಾಲ್ಕೂ ಟೈರಿನ ಗಾಳಿಯನ್ನು ಹದಿನಾರಕ್ಕೆ ಇಳಿಸುತ್ತಾರೆ. ಟೈರುಗಳು ಊಟ ಮಾಡಿ ಕೂತವರ ಹೊಟ್ಟೆಯ ಹಾಗೆ ಅಗಲವಾಗುತ್ತವೆ. ಆಮೇಲೆ ಜೀಪನ್ನು ಶೆಡ್ಡಿನ ಹಿಂದಿನ ದಿಬ್ಬಕ್ಕೆ ಬಿಡುತ್ತಾರೆ. ಮೂರು ಸಲ ಹೂತ ಗಾಡಿ ಒಂದೇ ಉಸಿರಿಗೆ ಮೇಲೆ ಹೋಗಿ ನಿಲ್ಲುತ್ತದೆ.

"ಹಂಗಾದ್ರೆ ನಂಗೆ ಲಿಫ್ಟೇ ಬೇಡ್ವಾ?" ಅಂಗಡಿಯವರ ಮುಖ ಸಪ್ಪಗಾಗಿದೆ.

"ಬೇಕು. ದಿಬ್ಬದ ನೆತ್ತಿ ದಾಟುವಾಗ ಗಾಡಿ ಹೊಟ್ಟೆ ತಾಗುತ್ತೆ. ಅದಕ್ಕೆ ಎರಡಿಂಚು ಸಾಕು. ಮಿಕ್ಕಿದ್ದೆಲ್ಲ ಶೋಕಿ. ಎತ್ತರ ಆದಷ್ಟೂ ಗಾಡಿ ಅಡ್ಡ ಬೀಳೋಕೆ ಕಾಯ್ತಿರುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಬೇಡ ಅನ್ನಲ್ಲ. ಮೇಲಿನ ದೀಪ ಬಿಡಿ, ಮುಂದಿನ ದೊಡ್ಡ ಬಂಪರ್ ಬಿಡಿ. ಸ್ಪ್ರಿಂಗು, ಅದಕ್ಕೆ ಹೊಂದೋ ಉದ್ದದ ಶಾಕಬ್ಸಾರ್ಬರು, ಉದ್ದನೇ ಬ್ರೇಕ್ ಪೈಪು, ಈ ಮೂರನ್ನ ಬಿಡಬೇಡಿ. ಒಟ್ಟಿಗೆ ಆಗದಿದ್ರೆ ಆರು ತಿಂಗಳು ಕಾಯಿರಿ. ದಿಬ್ಬ ಎಲ್ಲೂ ಓಡಿ ಹೋಗಲ್ಲ. ಹೋದ್ರೂ ವರ್ಷಕ್ಕೆ ನಾಲ್ಕು ಹೆಜ್ಜೆ."

ವಾರಕ್ಕೆ ಹತ್ತು ಗಾಡಿ ಬಂದರೆ ಆರನ್ನು ಬರೀ ಗಾಳಿ ಇಳಿಸಿ ಕಳಿಸುತ್ತಾರೆ, ಅದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. ಇಬ್ಬರು ನಾಲ್ಕಿಂಚು ಸಿಗಲಿಲ್ಲವೆಂದು ಮುಖ ಊದಿಸಿಕೊಂಡು ಮುಂದಿನ ಬೀದಿಗೆ ಹೋಗುತ್ತಾರೆ. ಉಳಿಯುವುದು ಎರಡು ಗಾಡಿ. ಒಂದೊಂದಕ್ಕೆ ಎರಡು ದಿನ ಹಿಡಿಯುತ್ತದೆ. ಅಡಿಯಲ್ಲಿ ಮಲಗಿದಾಗ ಉದುರುವ ಮರಳಿನಿಂದ ಎಡಗಣ್ಣು ಸದಾ ಕೆಂಪು. ಬಲ ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಅದಕ್ಕೂ ಮೊದಲು, ಹುಡುಗನಾಗಿದ್ದಾಗಿನಿಂದ ಹದಿಮೂರು ವರ್ಷ ಲಾರಿ ಗ್ಯಾರೇಜಿನಲ್ಲಿ ಸ್ಪ್ರಿಂಗಿನ ಎಲೆಪಟ್ಟೆ ಹೊತ್ತದ್ದಕ್ಕೆ ಸೊಂಟ ಈಗ ಲೆಕ್ಕ ಕೇಳುತ್ತಿದೆ.

ಒಂಬತ್ತಕ್ಕೆ ಹೆಂಡತಿ ಫ್ಲಾಸ್ಕಿನಲ್ಲಿ ಚಹಾ ತರುತ್ತಾರೆ. "ಗಾಳಿ ತುಂಬಿ ಹೊಟ್ಟೆ ಹೊರಕೊಳ್ಳೋರನ್ನ ನೋಡಿದೀನಿ. ಗಾಳಿ ತೆಗೆದು ಹೊರಕೊಳ್ಳೋರು ಇವರೊಬ್ಬರೇ" ಎಂದು ಲೋಟ ಕೊಡುತ್ತಾರೆ. ಮೇಸ್ತ್ರಿ ನಗುವುದಿಲ್ಲ. ಅವರು ಹಸಿರು ಜೀಪಿನ ಕೊನೆಯ ಪರೀಕ್ಷೆಗೆ ಹೊರಟಿದ್ದಾರೆ, ಆ ಹೊತ್ತಿನಲ್ಲಿ ಅವರಿಗೆ ನಗು ಬರುವುದಿಲ್ಲವಂತೆ.

ಈ ಪರೀಕ್ಷೆ ಬೇರೆ ಯಾವ ಗ್ಯಾರೇಜಿನಲ್ಲೂ ಇಲ್ಲ. ಜೀಪನ್ನು ಹಿಂದಿನ ದಿಬ್ಬದ ಇಳಿಜಾರಿನಲ್ಲಿ ಅಡ್ಡಡ್ಡ ನಿಲ್ಲಿಸುತ್ತಾರೆ. ಇಳುಕಲಿನ ಕಡೆಯ ಚಕ್ರಗಳ ಮೇಲೆ ಭಾರವೆಲ್ಲ ಬೀಳುತ್ತದೆ, ಮೇಲಿನ ಕಡೆಯ ಚಕ್ರಗಳು ಹಗುರಾಗುತ್ತವೆ. ಹಾಗೆ ಹಗುರಾದ ಮುಂದಿನ ಚಕ್ರದ ಅಡಿಗೆ ಹಳೆಯ ಪತ್ರಿಕೆಯ ಒಂದು ಹಾಳೆ ಇಟ್ಟಿರುತ್ತಾರೆ. ಅದನ್ನು ಎಳೆದಾಗ ಹರಿದರೆ ಚಕ್ರ ನೆಲ ಹಿಡಿದಿದೆ ಎಂದು ಅರ್ಥ, ಗಾಡಿ ಪಾಸು. ಹಾಳೆ ಜಾರಿ ಇಡಿಯಾಗಿ ಕೈಗೆ ಬಂದರೆ ಎರಡು ದಿನದ ಕೆಲಸವನ್ನೆಲ್ಲ ಬಿಚ್ಚಿ ಮತ್ತೆ ಕೂರಿಸುತ್ತಾರೆ. ಈ ಸಲ ಹಾಳೆ ಹರಿಯುತ್ತದೆ. ಹರಿದ ತುಂಡನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಚಹಾಕ್ಕೆ ಕೂರುತ್ತಾರೆ.

ಇದನ್ನು ಕಲಿತದ್ದು ಯಾರಿಂದ ಎಂದು ಕೇಳಿದರೆ ಅವರು ಹೆಂಡತಿಯ ಕಡೆ ನೋಡುತ್ತಾರೆ. ಎದ್ದು ಹೋಗಿ, ಕಪಾಟಿನ ಮೇಲಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿ ತರುತ್ತಾರೆ. ಒಳಗೆ ಕಬ್ಬಿಣದ ನಾಲ್ಕು ಬಿಲ್ಲೆಗಳಿವೆ. ಒಂದೊಂದೂ ಎರಡು ಇಂಚು ದಪ್ಪ, ಲೇತಿನಲ್ಲಿ ಕಡೆದು ನುಣುಪಾಗಿಸಿದವು.

"ನನ್ನ ಹೊಗಳಿ ಬರೆಯೋಕೆ ಬಂದಿದ್ರೆ ಬೇಡ. ಇದನ್ನ ಬರೀತೀನಿ ಅಂದ್ರೆ ಹೇಳ್ತೀನಿ."

ಒಂಬತ್ತು ವರ್ಷದ ಹಿಂದಿನ ಮಾತು. ಮೇಸ್ತ್ರಿಯ ಬಾಮೈದ, ಅಂದರೆ ಈ ಹೆಂಡತಿಯ ತಮ್ಮ, ಆಗ ದಿಬ್ಬದ ಡ್ರೈವರುಗಳಲ್ಲೆಲ್ಲ ಎತ್ತಿದ ಕೈ. ಹೊಸಬರು ಅವನ ಗಾಡಿ ಹೋದ ಗೆರೆಯಲ್ಲೇ ಗಾಡಿ ಬಿಡುತ್ತಿದ್ದರು. ಆದರೆ ದಿಬ್ಬ ಸುತ್ತಲು ಬಂದ ಜನ ದುಡ್ಡು ಕೊಟ್ಟು ಹತ್ತುತ್ತಿದ್ದುದು ಎತ್ತರದ ಗಾಡಿಗಳನ್ನು. ಅವನದು ಗಿಡ್ಡ ಜೀಪು. ಒಂದು ದಿನ ಅವನು ಶೆಡ್ಡಿಗೆ ಬಂದು "ಭಾವ, ನಾಲ್ಕಿಂಚು ಏರಿಸಿಕೊಡಿ, ಆದಷ್ಟು ಅಗ್ಗದಲ್ಲಿ ಮುಗಿಸಿ" ಎಂದ. ಅಲ್ಲಿ ಇನ್ನೂ ನಾಲ್ಕು ಜನ ಡ್ರೈವರುಗಳು ಕೂತಿದ್ದರು. ಅವರ ಮುಂದೆ ಮೇಸ್ತ್ರಿ "ನಂಗೆ ಬಿಡು" ಎಂದುಬಿಟ್ಟರು.

"ಅವನ ಜೇಬಿಗೆ ಎಟಕಿದ್ದು ಎರಡಿಂಚು ಏರಿಸೋ ಸ್ಪ್ರಿಂಗ್. ಆಡಿದ ಮಾತು ನಾಲ್ಕಿಂಚು. ಮಿಕ್ಕಿದ ಎರಡಿಂಚಿಗೆ ಈ ಬಿಲ್ಲೆ ಕಡೆಸಿ ಸ್ಪ್ರಿಂಗಿನ ಮೇಲೆ ಕೂರಿಸಿದೆ. ಶಾಕಬ್ಸಾರ್ಬರ್ ಹಳೇದೇ ಬಿಟ್ಟೆ. ಅದು ಗಿಡ್ಡ. ಚಕ್ರ ಕೆಳಗಿಳೀಬೇಕು ಅಂದ್ರೂ ಇಳಿಯೋಕೆ ಬಿಡಲ್ಲ, ಕಟ್ಟಿಹಾಕಿದ ಹಂಗೆ ಹಿಡಕೊಳ್ಳುತ್ತೆ. ನಂಗೆ ಗೊತ್ತಿತ್ತು. ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ಅಳೆದೆ, ಸರಿಯಾಗಿ ನಾಲ್ಕಿಂಚು ಬಂತು. ಮರಳಲ್ಲಿ ಅಡ್ಡ ನಿಲ್ಲಿಸಿ ನೋಡಲಿಲ್ಲ. ಅವನಿಗೆ ನಾಲ್ಕಿಂಚಿನ ಸ್ಪ್ರಿಂಗೇ ಹಾಕಿದೀನಿ ಅಂದೆ. ಖುಷಿಯಲ್ಲಿ ನನ್ನ ಕಾಲು ಮುಟ್ಟೋಕೆ ಬಂದ."

ಹನ್ನೊಂದನೆಯ ದಿನ ಗಾಡಿ ಮಗುಚಿತು. ದಿಬ್ಬದ ಓರೆಯಲ್ಲಿ ಗಾಡಿ ಜಾರತೊಡಗಿದರೆ ಸ್ಟೇರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಬೇಕು. ಹೆದರಿ ಮೇಲಕ್ಕೆ ತಿರುಗಿಸಿದರೆ ಗಾಡಿ ಉರುಳುತ್ತದೆ. ಇದು ದಿಬ್ಬದ ಮೊದಲ ಪಾಠ. ಗಾಡಿಯಲ್ಲಿದ್ದ ಇಬ್ಬರಿಗೆ ತರಚು ಗಾಯ, ಬಾಮೈದನ ಬಲ ಮೊಣಕಾಲು ನುಚ್ಚುನೂರು. ಇಷ್ಟು ದೊಡ್ಡ ಡ್ರೈವರು ಮೊದಲ ಪಾಠವನ್ನೇ ಮರೆತ ಎಂದು ಜನ ಆಡಿಕೊಂಡರು. ಊರ ಬಾಯಿಗೆ ಬೀಗ ಹಾಕುವವರು ಯಾರು?

"ಗಾಡಿ ಎಳಕೊಂಡು ಬರೋಕೆ ಹೋದೋನು ನಾನೇ. ಮರಳಿನ ಮೇಲೆ ಚಕ್ರದ ಗುರುತು ಇನ್ನೂ ಇತ್ತು. ಅವನು ಕೆಳಕ್ಕೇ ತಿರುಗಿಸಿದ್ದ. ಸರಿಯಾಗಿ, ಎಷ್ಟು ಬೇಕೋ ಅಷ್ಟೇ. ಮೇಲಿನ ಕಡೆ ಮುಂದಿನ ಚಕ್ರದ ಗುರುತು ಮಾತ್ರ ಅರ್ಧದಲ್ಲೇ ನಿಂತುಹೋಗಿತ್ತು. ಆ ಚಕ್ರ ಗಾಳಿಯಲ್ಲಿ ನೇತಾಡ್ತಿತ್ತು, ಇನ್ನು ಗಾಡಿ ಹೆಂಗೆ ತಿರುಗುತ್ತೆ? ಸಂಜೆಯೊಳಗೆ ಗಾಳಿ ಬೀಸಿ ಗುರುತೆಲ್ಲ ಅಳಿಸಿಹೋಯ್ತು. ಅವತ್ತು ಮಧ್ಯಾಹ್ನವೇ ನಾನು ಬಿಲ್ಲೆ ಕಳಚಿ ಬಚ್ಚಿಟ್ಟಿದ್ದೆ."

ಇಲ್ಲಿಗೆ ಮುಗಿದಿದ್ದರೆ ಇದನ್ನು ಒಂದು ತಪ್ಪು ಎನ್ನಬಹುದಿತ್ತು. ಆಸ್ಪತ್ರೆಯಲ್ಲಿ ಎಚ್ಚರವಾದ ಬಾಮೈದ ಮೊದಲು ಆಡಿದ ಮಾತು, "ಗಾಬರಿಯಲ್ಲಿ ನಾನೇ ಮೇಲಕ್ಕೆ ತಿರುಗಿಸಿರಬೇಕು, ಭಾವ." ಮೇಸ್ತ್ರಿ ಅವನ ಕೈ ಹಿಡಿದುಕೊಂಡು "ಇರಲಿ ಬಿಡು, ಎಂಥವರಿಗೂ ಆಗುತ್ತೆ" ಎಂದರು. ಮೂವತ್ತನಾಲ್ಕು ವರ್ಷದಲ್ಲಿ ತಾನು ಮಾಡಿದ ಅತಿ ಕೆಟ್ಟ ಕೆಲಸ ಆ ಮಾತು, ಬಿಲ್ಲೆ ಅದರ ಮುಂದೆ ಏನೂ ಅಲ್ಲ ಎಂದು ಈಗ ಹೇಳುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ಅದು ಬಾಮೈದನ ಪಾಲಿಗೆ ಬಂತು. ಮೊಣಕಾಲು ಮಡಚುವುದಿಲ್ಲ, ಪೆಡಲು ತುಳಿಯಲು ಆಗುವುದಿಲ್ಲ. ಈಗ ದಿಬ್ಬದ ದಾರಿ ಶುರುವಾಗುವಲ್ಲಿ ಒಂದು ಗೂಡಿನಲ್ಲಿ ಕೂತು, ಒಳಗೆ ಹೋಗುವ ಗಾಡಿಗಳಿಗೆ, ದಿಬ್ಬದ ಆಚೆಯವರಿಗೂ ಕಾಣಲೆಂದು, ಕೆಂಪು ಬಾವುಟ ಕಟ್ಟುತ್ತಾನೆ. ಒಂದು ಕಾಲಕ್ಕೆ ಅವನ ಗೆರೆ ಹಿಡಿದು ಓಡಿಸಿದವರು ಬಾವುಟ ಕಟ್ಟಿಸಿಕೊಂಡು ಕೈ ಬೀಸಿ ಹೋಗುತ್ತಾರೆ. ಡ್ರೈವರುಗಳು 'ಎರಡಿಂಚು' ಎಂದು ಕೂಗಿದಾಗಲೆಲ್ಲ ಶೆಡ್ಡಿನಲ್ಲಿ ಈ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ.

ಹೆಂಡತಿ ಇಷ್ಟು ಹೊತ್ತೂ ಫ್ಲಾಸ್ಕಿನ ಮುಚ್ಚಳ ಹಿಡಿದು ನಿಂತಿದ್ದಾರೆ. ಅದನ್ನು ತಿರುಗಿಸಿ ಬಿಗಿ ಮಾಡುತ್ತಾರೆ, ಮತ್ತೆ ಸಡಿಲ ಮಾಡುತ್ತಾರೆ.

"ಆ ಡಬ್ಬಿ ಎಷ್ಟು ಸಲ ಒರೆಸಿ ಇಟ್ಟಿದೀನೋ. ಭಾರ ಇದೆ, ಏನೋ ಸಾಮಾನು ಇರಬೇಕು ಅಂದ್ಕೊಂಡೆ" ಎನ್ನುತ್ತಾರೆ. ದನಿ ಏರುವುದಿಲ್ಲ. "ಅವನು ಪೇಪರ್ ಓದಿ ತಿಳ್ಕೊಳ್ಳೋದು ಬೇಡ. ಏಳಿ. ನೀವೇ ಬಂದು ಹೇಳಿ."

"ಈ ವಾರ ಆಗಲಿ, ನಾನೇ..."

"ಒಂಬತ್ತು ವರ್ಷ ಆಯ್ತಲ್ಲರೀ."

ಗೂಡು ನಡೆದು ಹೋಗುವಷ್ಟೇ ದೂರ. ಮೇಸ್ತ್ರಿ ಡಬ್ಬಿ ಹಿಡಿದು ಮುಂದೆ ಹೋಗುತ್ತಾರೆ, ಹೆಂಡತಿ ಹಿಂದೆ, ಪತ್ರಿಕೆಯವರು ಅವರ ಹಿಂದೆ. ಬಾಮೈದನಿಗೆ ನಲವತ್ತೇಳು, ಮೀಸೆ ಅರ್ಧ ಬೆಳ್ಳಗಾಗಿದೆ. ಅಕ್ಕ ಭಾವ ಒಟ್ಟಿಗೆ ಬಂದದ್ದು ನೋಡಿ ಅವನು ಕೋಲು ಊರಿಕೊಂಡು ಏಳುತ್ತಾನೆ. "ಬನ್ನಿ ಭಾವ, ಕೂತ್ಕೊಳ್ಳಿ" ಎಂದು ತನ್ನ ಕುರ್ಚಿಯನ್ನೇ ಮುಂದೆ ತಳ್ಳುತ್ತಾನೆ. ಮೇಸ್ತ್ರಿ ಕೂರುವುದಿಲ್ಲ. ಬಾವುಟಗಳ ರಾಶಿ ಸರಿಸಿ ನಾಲ್ಕು ಬಿಲ್ಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಶೆಡ್ಡಿನಲ್ಲಿ ಹೇಳಿದ್ದನ್ನೇ ಹೇಳುತ್ತಾರೆ, ಎರಡು ಸಲ ತಡವರಿಸುತ್ತಾರೆ. ಚಕ್ರದ ಗುರುತಿನ ಮಾತು ಬಂದಾಗ ಬಾಮೈದ ಕಣ್ಣು ಮುಚ್ಚಿಕೊಳ್ಳುತ್ತಾನೆ. ಅವನ ಎರಡೂ ಕೈ ಮೆಲ್ಲಗೆ ಮೇಲೆ ಬಂದು ಇಲ್ಲದ ಸ್ಟೇರಿಂಗನ್ನು ಹಿಡಿಯುತ್ತವೆ, ಇಳಿಜಾರಿನ ಕಡೆಗೆ ತಿರುಗುತ್ತವೆ.

"ಹಿಂಗೇನಾ, ಭಾವ?"

"ಹಿಂಗೇ."

"ನಾನು ಕೆಳಕ್ಕೇ ತಿರುಗಿಸಿದ್ನಾ?"

"ಕೆಳಕ್ಕೇ ತಿರುಗಿಸಿದ್ದೆ. ಕಣ್ಣಾರೆ ನೋಡಿದೀನಿ."

ಅವನು ಬಯ್ಯುವುದಿಲ್ಲ, ಕ್ಷಮಿಸಿದೆ ಎಂದೂ ಹೇಳುವುದಿಲ್ಲ. ಒಂದು ಬಿಲ್ಲೆ ಎತ್ತಿ ಕೈಯಲ್ಲಿ ತೂಗಿ ನೋಡಿ ವಾಪಸು ಇಡುತ್ತಾನೆ. ಹೊರಗೆ ಮೂರು ಗಾಡಿ ಬಂದು ಹಾರನ್ ಮಾಡುತ್ತಿವೆ. ಬಾವುಟಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕಾಲು ಎಳೆಯುತ್ತ ಬಿಸಿಲಿಗೆ ಹೋಗುತ್ತಾನೆ. ಅಕ್ಕ ಅವನ ಹಿಂದೆ ಹೋಗುತ್ತಾರೆ. ಮೂರನೆಯ ಗಾಡಿಗೆ ಬಾವುಟ ಕಟ್ಟಿದ ಮೇಲೂ ಅವನು ಗೂಡಿನ ಕಡೆ ತಿರುಗುವುದಿಲ್ಲ, ದಿಬ್ಬ ನೋಡುತ್ತ ನಿಂತಿರುತ್ತಾನೆ.

ಮೇಸ್ತ್ರಿ ಬಿಲ್ಲೆಗಳನ್ನು ಅಲ್ಲೇ ಬಿಟ್ಟು ಖಾಲಿ ಡಬ್ಬಿ ಹಿಡಿದು ಒಬ್ಬರೇ ಶೆಡ್ಡಿಗೆ ಬರುತ್ತಾರೆ. ಔಷಧಿ ಅಂಗಡಿಯವರ ಜೀಪು ಕಾಯುತ್ತಿದೆ, ಎರಡಿಂಚಿಗೆ ಒಪ್ಪಿ ಹೋಗಿದ್ದಾರೆ. ಪತ್ರಿಕೆಯವರು ಫೋಟೋ ತೆಗೆಯಲು ಕ್ಯಾಮೆರಾ ಎತ್ತಿದರೆ ಮೇಸ್ತ್ರಿ ಕೈ ಅಡ್ಡ ಹಿಡಿಯುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಪತ್ರಿಕೆಯವರು ಕೇಳುತ್ತಾರೆ. ಮೇಸ್ತ್ರಿ ಚಾಪೆ ಹಾಸಿ ಜೀಪಿನ ಅಡಿಗೆ ಸರಿಯುತ್ತಾರೆ, ಮತ್ತೆ ಎರಡು ಕಾಲು ಮಾತ್ರ ಕಾಣುತ್ತವೆ. ದನಿ ಅಲ್ಲಿಂದಲೇ ಬರುತ್ತದೆ.

"ನನ್ನ ಫೋಟೋ ಬೇಡ. ಆ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು ಹಾಕಿ, ದಿಬ್ಬದ ಡ್ರೈವರುಗಳೆಲ್ಲ ಓದಬೇಕು: ಅವತ್ತು ನನ್ನ ಬಾಮೈದ ಸರಿಯಾಗೇ ತಿರುಗಿಸಿದ್ದ."