ಹೇಮಾವತಿ ಬೈಸಿಕೊಂಡ ರಾತ್ರಿ

ಚಿಕ್ಕಜಾಜೂರಿನ ಹೇಮಾವತಿ ಮೊದಲ ಸಲ ಸಮುದ್ರ ಕಂಡಿದ್ದು ಇಪ್ಪತ್ತೊಂದನೇ ವಯಸ್ಸಿನಲ್ಲಿ. ಈಗ ಮುಂಬೈಯಾಚೆ ಕಡಲ ನಡುವೆ, ಎಣ್ಣೆ ಬಾವಿಗಳ ಮೇಲೆ ಕಟ್ಟಿದ ಕಬ್ಬಿಣದ ಅಟ್ಟಣೆಗಳಿಗೆ ರಾತ್ರಿ ಹೊತ್ತು ಹೆಲಿಕಾಪ್ಟರ್ ಇಳಿಸುವುದನ್ನು ಪೈಲಟ್‌ಗಳಿಗೆ ಕಲಿಸುವವಳು ಅವಳೇ. ಊರಿನವರು ಇದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ, ಹೇಳಿಕೊಳ್ಳುವಂಥದ್ದೇ.

ಕತ್ತಲ ಕಡಲಿನಲ್ಲಿ ಕಣ್ಣನ್ನು ನಂಬುವಂತಿಲ್ಲ. ಒಬ್ಬರು ದೀಪ ನೋಡಿ ಇಳಿಸುವಾಗ ಪಕ್ಕದವರು ಮೀಟರು ನೋಡಿ ಎತ್ತರ, ವೇಗ ಕೂಗಿ ಹೇಳಬೇಕು, ತಪ್ಪಿದ್ದರೆ ತಡೆಯಬೇಕು. ಭರಮಸಾಗರದ ಚೇತನ್‌ಕುಮಾರ್ ಎಡವಿದ್ದು ಅಲ್ಲೇ. ಕೈ ಬಂಗಾರ, ಬಾಯಿಗೆ ಮಾತ್ರ ಬೀಗ. ಪರೀಕ್ಷಿಸಲೆಂದೇ ಹೇಮಾವತಿ ಎರಡು ಸಲ ವೇಗ ತಗ್ಗಿಸದೆ ಅಟ್ಟಣೆಯತ್ತ ಹೋದಳು. ಎರಡು ಸಲವೂ ಅವನು ಬೆವರಿದ, ಬಾಯಿ ಬಿಡಲಿಲ್ಲ. ಮೂರನೆಯ ಸಲವೂ ತಪ್ಪಿದರೆ ಅವನಿಗೆ ಕೆಲಸವೇ ಇಲ್ಲ.

"ಯಾಕೋ ಸುಮ್ನಿದ್ದೆ?" ಎಂದು ಕೇಳಿದಳು.

"ನೀವು ದೊಡ್ಡೋರು ಮೇಡಂ, ಅದ್ರಾಗೂ ನಮ್ ಕಡೇರು. ನಿಮಿಗೆ ತಪ್ಪು ಅಂತ ಹೆಂಗ್ ಹೇಳ್ಲಿ?"

ಹೇಮಾವತಿಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಊರೆಲ್ಲ ಅವಳಿಗೂ ಇದನ್ನೇ ಕಲಿಸಿತ್ತು. ಕಲಿಸದಿದ್ದವನು ಅಪ್ಪ ಮಾರಣ್ಣ ಒಬ್ಬನೇ.

"ನಮ್ಮಪ್ಪ ಗೂಡ್ಸ್ ಗಾಡಿ ಡ್ರೈವರ್ ಕಣೋ. ಪಕ್ಕದಾಗೆ ಕುಂತ ಹುಡುಗ ಸಿಗ್ನಲ್ ನೋಡಿ ಕೆಂಪು ಅಂತ ಕೂಗಬೇಕು, ಅಪ್ಪನೂ ಕೆಂಪು ಅನ್ನಬೇಕು. ಕೂಗದಿದ್ದ ದಿನ ಅವನಿಗೆ ಬೈತಿದ್ದ. ಅಪ್ಪನ್ನೇ ತಡೆದು ಕೂಗಿದ ದಿನ ಮನೇಗೆ ಕರ್ಕಂಬಂದು ಊಟಕ್ಕಿಕ್ಕಿಸ್ತಿದ್ದ. ಮರ್ಯಾದೆ ಅಂದ್ರೆ ಅದು."

ಆ ರಾತ್ರಿ ಮತ್ತೆ ಹಾರಿದರು. ಅಟ್ಟಣೆಯ ಹಸಿರು ದೀಪಗಳು ಹತ್ತಿರವಾದವು. ಹೇಮಾವತಿ ಬೇಕೆಂದೇ ವೇಗ ತಗ್ಗಿಸಲಿಲ್ಲ.

"ಸ್ಪೀಡ್ ಜಾಸ್ತಿ ಐತೆ, ಮೇಡಂ."

ಅವಳು ಕೇಳಿಸದವಳಂತೆ ಕೂತಳು. ಇವನು ಮತ್ತೆ ಮಾತು ನುಂಗಿಕೊಂಡರೆ ತಾನೇ ಮೇಲೆತ್ತಲು ಕೈ ಸಜ್ಜಾಗಿಟ್ಟುಕೊಂಡಳು.

"ಕಿವಿ ಕೇಳಲ್ವೇನ್ರೀ? ಇಳಿಸ್ಬ್ಯಾಡ್ರಿ, ಮೇಲೆತ್ರಿ."

"ಮೇಲೆತ್ತೀನಿ," ಎಂದು ಅವನಂತೆಯೇ ಕೂಗಿ ಹೇಮಾವತಿ ಮೇಲೆತ್ತಿದಳು. ಅವಳಿಗಾದ ಹೆಮ್ಮೆ ಅಷ್ಟಿಷ್ಟಲ್ಲ. ತಾನು ಮೊದಲ ಸಲ ಒಬ್ಬಳೇ ಹಾರಿದ ದಿನವೂ ಅಷ್ಟು ಆಗಿರಲಿಲ್ಲ. ಒಂದು ಸುತ್ತು ಹಾಕಿ ಹೆಲಿಕಾಪ್ಟರನ್ನು ಅವನ ಕೈಗೆ ಕೊಟ್ಟು, ಎತ್ತರವನ್ನು ತಾನು ಕೂಗಿದಳು. ಅವನು ಹೂವಿಟ್ಟ ಹಾಗೆ ಇಳಿಸಿದ.

ಬೆಳಿಗ್ಗೆ ಊರಿಗೆ ಫೋನು ಮಾಡಿದಳು.

"ಅಪ್ಪಾ, ನಿನ್ನೆ ರಾತ್ರಿ ನಮ್ ಹುಡುಗನೊಬ್ಬ ನಂಗೆ ಚೆನ್ನಾಗಿ ಬೈದ."

ಮಾರಣ್ಣ ಯಾಕೆಂದು ಕೇಳಲಿಲ್ಲ.

"ಊಟಕ್ಕೆ ಕರೆದ್ಯೇನವ್ವ?" ಎಂದ.