ಭದ್ರಾವತಿಯ ಒಂದು ಎಚ್

ನಾನಾಗ ಶಿವಮೊಗ್ಗದ ಒಂದು ಸಣ್ಣ ಕಚೇರಿಯಲ್ಲಿ ವೆಬ್‌ಸೈಟ್ ಮಾಡುತ್ತಿದ್ದೆ. ರಕ್ತ ಕೊಡುವವರನ್ನು ಹುಡುಕುವ ಸೈಟೊಂದನ್ನು ಕಟ್ಟಿದ್ದೆವು. ಊರು, ರಕ್ತದ ಗುಂಪು ಆರಿಸಿ ಒತ್ತಿದರೆ ನನ್ನ ಪುಟ ದಾನಿಗಳ ಪಟ್ಟಿಯಿರುವ ಸರ್ವರ್ ಅನ್ನು ಕೇಳುತ್ತದೆ. ಅದು ಹೆಸರು, ಫೋನ್ ನಂಬರು ಕೊಡುತ್ತದೆ. ಈ ಕೇಳುವ, ಕೊಡುವ ದಾರಿಗೇ ಎಪಿಐ ಅನ್ನುವುದು. ಮೊದಲ ಸಲ ಪರದೆಯ ಮೇಲೆ ಹೆಸರುಗಳು ಬಂದಾಗ ನನಗೆ ಕೋಡು ಮೂಡಿತ್ತು. ಶಿವಮೊಗ್ಗ ಹಾಕಿ ನೋಡಿದ್ದೇ ನೋಡಿದ್ದು. ಬೇರೆ ಊರು ಹಾಕಿ ನೋಡುವ ಪುರುಸೊತ್ತು ಯಾರಿಗಿತ್ತು!

ಒಂದು ಮಧ್ಯಾಹ್ನ ಭದ್ರಾವತಿಯಿಂದ ಭಾವನ ಫೋನ್ ಬಂತು. ಅಕ್ಕನಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ.

“ಓ ನೆಗೆಟಿವ್ ಬೇಕಂತೆ, ಇಲ್ಲೆಲ್ಲೂ ಇಲ್ವಂತೆ. ನಿನ್ ಕಂಪ್ಯೂಟರಲ್ಲಿ ಯಾರಾದ್ರೂ ಇದಾರಾ ನೋಡು ಮಾರಾಯ್ತಿ, ಬೇಗ!”

ಭದ್ರಾವತಿ, ಓ ನೆಗೆಟಿವ್. ಒತ್ತಿದೆ. ‘ಯಾರೂ ಇಲ್ಲ’ ಎಂದಿತು ಪುಟ. ಆ ಮಾತನ್ನು ಅದರಲ್ಲಿ ಬರೆದವಳೂ ನಾನೇ. ಮತ್ತೆ ಒತ್ತಿದೆ, ಅದೇ.

“ಅಲ್ಲಿ ಯಾರೂ ಇಲ್ಲ ಭಾವ. ಇಲ್ಲಿಂದ್ಲೇ ಕರ್ಕೊಂಡು ಬರ್ತೀನಿ” ಅಂದೆ.

ಶಿವಮೊಗ್ಗ ಹಾಕಿದಾಗ ಇಲ್ಲೇ ರಾಗಿಗುಡ್ಡದ ಒಬ್ಬರು ಸಿಕ್ಕರು. ಪುಣ್ಯಾತ್ಮರು, ಅಂಗಡಿ ಬಾಗಿಲು ಹಾಕಿ ನನ್ನ ಜೊತೆ ಬಸ್ಸು ಹತ್ತಿದರು. ನಾವು ತಲುಪುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು. ಮಗು ಉಳಿಯಿತು.

ಅಕ್ಕನ ವೈಕುಂಠ ಸಮಾರಾಧನೆ ಮುಗಿಸಿ ಕೆಲಸಕ್ಕೆ ಹೋದವಳು ಮನಸ್ಸು ತಡೆಯದೆ ಸರ್ವರ್‌ನಲ್ಲಿದ್ದ ಪಟ್ಟಿಯನ್ನೇ ತೆಗೆದು ನೋಡಿದೆ. ಭದ್ರಾವತಿಯಲ್ಲಿ ಓ ನೆಗೆಟಿವ್‌ನವರು ಮೂವರಿದ್ದರು. ಒಬ್ಬರಂತೂ ಕಾಗದನಗರದ ಕ್ವಾರ್ಟರ್ಸಿನವರು, ಆಸ್ಪತ್ರೆಗೆ ಆಟೋದಲ್ಲಿ ಬಂದುಬಿಡಬಹುದಿತ್ತು. ಊರಿನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದೆ. ಪಟ್ಟಿ ಟೈಪ್ ಮಾಡಿದವರು ನಮ್ಮ ಕಡೆಯ ರೂಢಿಯಂತೆ ‘ತಿ’ಗೆ ಇಂಗ್ಲಿಷಿನಲ್ಲಿ ಟಿ, ಎಚ್, ಐ ಹಾಕಿದ್ದರು. ನನ್ನ ಪುಟ ಕೇಳುತ್ತಿದ್ದದ್ದು ಬರೀ ಟಿ, ಐ. ಒಂದಕ್ಷರ ಹೆಚ್ಚುಕಡಿಮೆಯಾದರೂ ಸರ್ವರ್‌ಗೆ ಅದು ಬೇರೆ ಊರು. ಅದು ಖಾಲಿ ಪಟ್ಟಿ ಕೊಟ್ಟಿತು. ಅದಕ್ಕೆ ‘ಯಾರೂ ಇಲ್ಲ’ ಎಂದು ಅರ್ಥ ಕಟ್ಟಿದವಳು ನಾನು. ಥೂ, ನನ್ನ ಜನ್ಮಕ್ಕಿಷ್ಟು! ಹುಟ್ಟಿದ ಊರಿನ ಹೆಸರನ್ನು ಎರಡು ಥರ ಬರೆಯುತ್ತಾರೆಂದು ನನಗೆ ಗೊತ್ತಿರಲಿಲ್ಲವೇ?

ಭಾವನಿಗೆ ಹೇಳದೆ ಇರಲಾಗಲಿಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಚೀಟಿಯಲ್ಲಿ ಇಂಗ್ಲಿಷಿನ ಎರಡೂ ಸ್ಪೆಲಿಂಗನ್ನು ಒಂದರ ಕೆಳಗೊಂದು ಬರೆದು ಕೊಟ್ಟೆ. ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವ ಮನುಷ್ಯ. ಕೆಟ್ಟದ್ದು ಎಲ್ಲಿ ಎಂದು ಹುಡುಕುವವರಂತೆ ಬೆರಳಿಟ್ಟು ಗಟ್ಟಿಯಾಗಿ ಓದಿದರು.

“ಭದ್ರಾವತಿ.” ಬೆರಳು ಕೆಳಗಿಳಿಯಿತು. “ಭದ್ರಾವತಿ.”

ಮುಖವೆತ್ತಿ ನನ್ನನ್ನು ನೋಡಿದರು.

“ಎರಡೂ ಒಂದೇ ಅಲ್ವೇನೇ?”

“ಹೌದು ಭಾವ” ಅಂದೆ.